ವೇಗಸ್‌ಗೆ ರಾಕ್ ಶೋ ನೋಡಲು ಹೊರಟವರ ಪ್ರಶ್ನೆಗಳು

ಈ ಸಂಚಿಕೆಯ ಪ್ರಶ್ನೋತ್ತರ ಪೂರ್ತಿ ಲಾಸ್ ವೇಗಸ್ ಪ್ರವಾಸಕ್ಕೆ ಮೀಸಲು, ಕೊನೆಯದಕ್ಕೆ ಮುಂಚೆ ಮಾತ್ರ ನ್ಯೂಜೆರ್ಸಿಯ ಕ್ಯಾಸಿನೊ ಊರಾದ ಅಟ್ಲಾಂಟಿಕ್ ಸಿಟಿಯ ಒಂದು ಪ್ರಶ್ನೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟು ಸೇರಿಸಿದ್ದೇವೆ. ರೂಮು, ಜೂಜಿನ ಲೆಕ್ಕ ಕೊಟ್ಟಿರುವುದು ಉದಾಹರಣೆಗಾಗಿ. ಅಲ್ಲಿನ ದರ ಬೆಳಗ್ಗೆ ಒಂದು, ಸಂಜೆ ಒಂದು.

ಪ್ರಶ್ನೆ: ಸ್ಫಿಯರ್ ಎಂಬ ಗೋಳಾಕಾರದ ಸಭಾಂಗಣದಲ್ಲಿ ನಮ್ಮ ಮೆಚ್ಚಿನ ಬ್ಯಾಂಡಿನ ಶೋ ಇದೆ. ನಕ್ಷೆಯಲ್ಲಿ ವೇದಿಕೆಗೆ ಹತ್ತಿರ ಇರುವ ಸೀಟುಗಳು 100ರ ವಿಭಾಗದವು. ಹೋಗುವುದೇ ಒಂದು ಸಲ, ಹೆಚ್ಚು ಕೊಟ್ಟಾದರೂ ಅಲ್ಲೇ ಕೂರೋಣ ಅಂತಿದ್ದೇವೆ. ಸರಿ ತಾನೆ?

ಉತ್ತರ: ಬೇರೆ ಯಾವುದೇ ಅರೀನಾ ಆಗಿದ್ದರೆ ಸರಿ ಅನ್ನುತ್ತಿದ್ದೆವು. ಇಲ್ಲಿ ಸ್ವಲ್ಪ ತಡೆಯಿರಿ. 2023ರ ಸೆಪ್ಟೆಂಬರ್ 29ರಂದು ಯು2 ಬ್ಯಾಂಡಿನ ಶೋನೊಂದಿಗೆ ಬಾಗಿಲು ತೆರೆದ ಈ ಗೋಳದ ಎತ್ತರ 366 ಅಡಿ, ಅಗಲ 516 ಅಡಿ. ಒಳಗಿನ ಎಲ್‌ಇಡಿ ಪರದೆಯೇ ಸುಮಾರು 1,60,000 ಚದರಡಿ. ಅದು ಬ್ಯಾಂಡಿನ ಬೆನ್ನ ಹಿಂದೆ ತೂಗುಹಾಕಿದ ಪರದೆಯಲ್ಲ. ವೇದಿಕೆಯ ಹಿಂದಿನಿಂದ ಎದ್ದು, ತಲೆಯ ಮೇಲೆ ಬಾಗಿ, ಎರಡೂ ಪಕ್ಕಕ್ಕೆ ಇಳಿದಿದೆ. ಅಲ್ಲಿ ಅರ್ಧ ಶೋ ನಡೆಯುವುದು ನಿಮ್ಮ ನೆತ್ತಿಯ ಮೇಲೆ.

100ರ ವಿಭಾಗಗಳ ಹಿಂದಿನ ಸಾಲುಗಳ ಮೇಲೆ ಮೇಲಿನ ಅಂತಸ್ತು ಚಾವಣಿಯ ಹಾಗೆ ಚಾಚಿಕೊಂಡಿದೆ. ಅಲ್ಲಿ ಕೂತವರಿಗೆ ಗಿಟಾರ್ ಹಿಡಿದವನ ಬೆರಳು ಕಂಡೀತು, ಪರದೆಯ ಮೇಲ್ಭಾಗ ಕಾಣದು. ಜಗಲಿಯ ಮಾಡಿನಡಿ ಕೂತು ತೇರಿನ ಕಳಸ ನೋಡಲು ಹೊರಟ ಹಾಗೆ. ಟಿಕೆಟ್ ಮಾರುವಾಗ ಈ ಸಾಲುಗಳಿಗೆ ‘ನೋಟ ಸೀಮಿತ’ ಎಂಬ ಸೂಚನೆ ಇರಬಹುದು, ಆದರೆ ಮರುಮಾರಾಟಕ್ಕೆ ಬಂದಾಗ ಆ ಸೂಚನೆ ಎಷ್ಟೋ ಸಲ ಕಳಚಿಹೋಗಿರುತ್ತದೆ. 100ರಲ್ಲೇ ಕೂರುವುದಾದರೆ ಮುಂದಿನ ಸಾಲುಗಳನ್ನಷ್ಟೇ ನೋಡಿ.

ನಮ್ಮ ಆಯ್ಕೆ 200 ಮತ್ತು 300ರ ನಡುಭಾಗ. ಅಂದರೆ 206, 306 ಮತ್ತು ಅವುಗಳ ಅಕ್ಕಪಕ್ಕದ ಒಂದೊಂದು ವಿಭಾಗ. ಪರದೆಯ ಚಿತ್ರಗಳನ್ನು ನಡುವಿನಿಂದ ನೋಡುವವರ ಕಣ್ಣಿಗೆ ಹೊಂದುವಂತೆ ರಚಿಸಿರುತ್ತಾರೆ. ತೀರಾ ಪಕ್ಕಕ್ಕೆ ಹೋದಷ್ಟೂ ನೆಟ್ಟಗಿನ ಗೆರೆ ಓರೆಯಾಗಿ, ಕಟ್ಟಡಗಳು ವಾಲಿದಂತೆ ಕಾಣುತ್ತವೆ. ಹಾಗಾಗಿ ಕೆಳಗಿನ ಪಕ್ಕದ ಸೀಟಿಗಿಂತ ಮೇಲಿನ ನಡುವಿನ ಸೀಟು ವಾಸಿ. ದೂರ ಕೂತರೆ ಸದ್ದು ಮಂಕಾದೀತು ಎಂಬ ಭಯ ಬೇಡ. ಸದ್ದನ್ನು ಟಾರ್ಚಿನ ಬೆಳಕಿನ ಹಾಗೆ ಗುರಿಯಿಟ್ಟು ಕಳಿಸುವ ಸ್ಪೀಕರುಗಳು ಪರದೆಯ ಹಿಂದೆಯೇ ಅಡಗಿವೆ, ಮೇಲಿನ ಸಾಲಿಗೂ ಮಾತು ಸ್ಪಷ್ಟವಾಗಿ ತಲುಪುತ್ತದೆ. ಬರೀ ಸದ್ದಿಗಾಗಿ ಹತ್ತಿರದ ಸೀಟಿಗೆ ದುಡ್ಡು ಸುರಿಯುವುದು ದಂಡ.

400ರ ಅಂತಸ್ತು ಅಗ್ಗ, ನೋಟವೂ ಪೂರ್ತಿ. ಆದರೆ ಮೆಟ್ಟಿಲು ಏಣಿಯಷ್ಟು ಕಡಿದು. ಎತ್ತರಕ್ಕೆ ಹೆದರುವವರು, ಮೊಣಕಾಲು ನೋವಿನವರು ಅತ್ತ ಹೋಗಬೇಡಿ. ಪರದೆಯ ಚಿತ್ರ ಸರಿದಾಗ ಕೂತಲ್ಲೇ ಇಡೀ ಸಭಾಂಗಣ ತೇಲಿದ ಭ್ರಮೆ ಆಗುತ್ತದೆ. ತಲೆ ಸುತ್ತಿದರೆ ಕಣ್ಣು ಮುಚ್ಚುವುದಕ್ಕಿಂತ, ಅಲುಗಾಡದ ವೇದಿಕೆಯ ಅಂಚನ್ನು ಅಥವಾ ಡ್ರಮ್ ಬಾರಿಸುವವರನ್ನು ದಿಟ್ಟಿಸಿ ನೋಡಿ. ಇನ್ನು ನೆಲಮಟ್ಟದಲ್ಲಿ ನಿಂತು ನೋಡುವ ಜಾಗ: ಬ್ಯಾಂಡೇ ಮುಖ್ಯ, ಚಿತ್ರವಿಚಿತ್ರಗಳೆಲ್ಲ ಆಮೇಲೆ ಅನ್ನುವವರಿಗೆ ಅದೇ ಸರಿ. ಕುತ್ತಿಗೆ ಮರುದಿನ ದೂರು ಕೊಡುತ್ತದೆ, ಅಷ್ಟೆ.

ಪ್ರಶ್ನೆ: ಟಿಕೆಟನ್ನು ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡರೆ ಸಾಕಲ್ಲವೇ? ಮರುಮಾರಾಟದ ಟಿಕೆಟ್ ನಂಬಬಹುದೇ?

ಉತ್ತರ: ಸಾಕಾಗುವುದಿಲ್ಲ. ಸ್ಫಿಯರ್ ಮತ್ತು ಅಲೀಜಿಯಂಟ್ ಸ್ಟೇಡಿಯಂನದು ಟಿಕೆಟ್‌ಮಾಸ್ಟರ್, ಟಿ-ಮೊಬೈಲ್ ಅರೀನಾದ್ದು ಆಕ್ಸೆಸ್ (AXS) ಎಂಬ ಬೇರೆ ಆ್ಯಪ್. ಎರಡರಲ್ಲೂ ಕೋಡ್ ಆಗಾಗ ತಾನಾಗಿ ಬದಲಾಗುತ್ತಿರುತ್ತದೆ. ಅರ್ಧ ಗಂಟೆ ಹಿಂದಿನ ಚಿತ್ರ ಗೇಟಿನಲ್ಲಿ ಸತ್ತ ಚಿತ್ರ. ಸಾವಿರಾರು ಜನ ಒಟ್ಟಿಗೆ ಸೇರಿದಾಗ ನೆಟ್‌ವರ್ಕ್ ಕೈಕೊಡುವುದು ಮಾಮೂಲು, ಆದ್ದರಿಂದ ಆ್ಯಪ್ ಅವಕಾಶ ಕೊಟ್ಟರೆ ರೂಮಿನಲ್ಲಿರುವಾಗಲೇ ಟಿಕೆಟನ್ನು ಫೋನಿನ ವಾಲೆಟ್‌ಗೆ ಇಳಿಸಿಕೊಳ್ಳಿ.

ವಿದೇಶದಿಂದ ಬರುವವರಿಗೆ ಇನ್ನೊಂದು ಕಂಟಕವಿದೆ. ಖಾತೆಗೆ ಊರಿನ ನಂಬರ್ ಜೋಡಿಸಿರುತ್ತೀರಿ. ಅಲ್ಲಿ ಹೊಸ ಸಿಮ್ ಹಾಕುತ್ತೀರಿ. ಆ್ಯಪ್ ಒಳಗೆ ಬಿಡಲು ಹಳೆಯ ನಂಬರಿಗೆ ಕೋಡ್ ಕಳಿಸುತ್ತದೆ. ಸಿಮ್ ಬದಲಿಸುವ ಮುಂಚೆ ಲಾಗಿನ್ ಆಗಿ, ಆಮೇಲೆ ಲಾಗೌಟ್ ಮಾಡಬೇಡಿ.

ಮರುಮಾರಾಟದಲ್ಲಿ ನೋಡಬೇಕಾದ್ದು ಸಾಲಿನ ಸಂಖ್ಯೆ. ವಿಭಾಗ ಮಾತ್ರ ಹೇಳಿ ಸಾಲು ಹೇಳದ ಟಿಕೆಟ್ ಮಾರುವವನ ಕೈಯಲ್ಲಿ ಇನ್ನೂ ಇಲ್ಲದಿರುವ ಸಾಧ್ಯತೆ ಹೆಚ್ಚು. ನಿಮ್ಮ ದುಡ್ಡಿನಿಂದಲೇ ಕೊಂಡು ಕೊಡುವ ಲೆಕ್ಕ ಅದು. ಪಿಡಿಎಫ್ ಕಳಿಸುತ್ತೇನೆ ಅಂದವರನ್ನು ಅಲ್ಲಿಗೇ ಬಿಡಿ. ‘ಟಿಕೆಟ್ ಶೋ ಹಿಂದಿನ ದಿನ ಬರುತ್ತದೆ’ ಅಂದರೆ ಮಾತ್ರ ಗಾಬರಿ ಬೇಡ, ಕೆಲವು ಆಯೋಜಕರೇ ವರ್ಗಾವಣೆಯನ್ನು ಕೊನೆಯವರೆಗೆ ತಡೆಹಿಡಿಯುತ್ತಾರೆ. ಒಂದೇ ಬ್ಯಾಂಡ್ ವಾರಗಟ್ಟಲೆ ಒಂದೇ ಕಡೆ ನುಡಿಸುವಾಗ ಶನಿವಾರಕ್ಕಿಂತ ವಾರದ ನಡುವಿನ ಶೋ ಅಗ್ಗ, ಶೋ ದಿನ ಮಧ್ಯಾಹ್ನ ಬೆಲೆ ಇನ್ನೂ ಜಾರುವುದುಂಟು. 2025ರ ಮೇ 12ರಿಂದ ಅಮೆರಿಕದ ಕೇಂದ್ರ ನಿಯಮದ ಪ್ರಕಾರ ಟಿಕೆಟ್‌ಗೂ ಹೋಟೆಲಿಗೂ ಕಡ್ಡಾಯ ಶುಲ್ಕಗಳನ್ನೆಲ್ಲ ಸೇರಿಸಿದ ಮೊತ್ತವನ್ನು ಮೊದಲೇ ತೋರಿಸಬೇಕು. ಹೋಲಿಸುವಾಗ ಆ ಮೊತ್ತವನ್ನೇ ಹೋಲಿಸಿ.

ಪ್ರಶ್ನೆ: 49 ಡಾಲರಿಗೆ ಕ್ಯಾಸಿನೊ ಹೋಟೆಲಿನಲ್ಲಿ ರೂಮು ಸಿಗುತ್ತದಂತೆ. ನಿಜವೇ?

ಉತ್ತರ: ಸಿಗುತ್ತದೆ, ಆದರೆ ಮೂಗಿಗಿಂತ ಮೂಗುತಿ ಭಾರ. ಪ್ರತಿ ರಾತ್ರಿಗೆ ‘ರೆಸಾರ್ಟ್ ಫೀ’ ಎಂಬ ಕಡ್ಡಾಯ ಶುಲ್ಕ ಬೇರೆ ಇರುತ್ತದೆ. ಅದು 45 ಡಾಲರ್ ಅಂದುಕೊಳ್ಳಿ. 49ಕ್ಕೆ 45 ಸೇರಿ 94. ಎರಡರ ಮೇಲೂ ಶೇ. 13ಕ್ಕೆ ಮಿಕ್ಕಿದ ರೂಮು ತೆರಿಗೆ. ಅಲ್ಲಿಗೆ 106 ದಾಟಿತು. ಕಾರಿದ್ದರೆ ಪಾರ್ಕಿಂಗ್, ಶೋ ದಿನ ಅದೂ ಏರುತ್ತದೆ. ಚೆಕ್‌ಇನ್ ಹೊತ್ತಿಗೆ ಕಾರ್ಡಿನ ಮೇಲೆ ಮುಂಗಡವಾಗಿ ಒಂದು ಮೊತ್ತವನ್ನು ತಡೆಹಿಡಿಯುತ್ತಾರೆ. ಡೆಬಿಟ್ ಕಾರ್ಡ್ ಕೊಟ್ಟರೆ ಅಷ್ಟು ದುಡ್ಡು ಹಲವು ದಿನ ನಿಮ್ಮ ಕೈಗೆ ಸಿಗದು. ಕ್ರೆಡಿಟ್ ಕಾರ್ಡನ್ನೇ ಕೊಡಿ. ರೂಮಿನ ಫ್ರಿಜ್ಜಿನಲ್ಲಿರುವ ಬಾಟಲಿಯನ್ನು ಸುಮ್ಮನೆ ಎತ್ತಿ ನೋಡಿ ಇಟ್ಟರೂ ಅನೇಕ ಹೋಟೆಲುಗಳಲ್ಲಿ ಕೆಳಗಿನ ಸೆನ್ಸರ್ ಬಿಲ್ ಮಾಡುತ್ತದೆ. ನಿಮ್ಮ ನೀರು ತಣ್ಣಗಾಗಲೆಂದು ಅದನ್ನು ಸರಿಸಿ ಜಾಗ ಮಾಡಿದಿರೋ, ಕೆಟ್ಟಿರಿ.

ರೂಮನ್ನು ಬೆಲೆ ನೋಡಿ ಆರಿಸುವುದಕ್ಕಿಂತ ಸಭಾಂಗಣದ ಬಾಗಿಲು ನೋಡಿ ಆರಿಸಿ. ಸ್ಫಿಯರ್‌ಗಾದರೆ ವೆನೀಶಿಯನ್, ಅಲ್ಲಿಂದಲೇ ಕಾಲುಸೇತುವೆ ಇದೆ. ಟಿ-ಮೊಬೈಲ್ ಅರೀನಾಕ್ಕೆ ಪಾರ್ಕ್ ಎಂಜಿಎಂ ಅಥವಾ ನ್ಯೂಯಾರ್ಕ್-ನ್ಯೂಯಾರ್ಕ್. ಅಲೀಜಿಯಂಟ್ ಸ್ಟೇಡಿಯಂಗೆ ಮ್ಯಾಂಡಲೇ ಬೇ ಅಥವಾ ಲಕ್ಸರ್. ದೊಡ್ಡ ಶೋ ದಿನ ಹೆದ್ದಾರಿ ಮೇಲಿನ ಹಸಿಯೆಂಡಾ ಸೇತುವೆಯನ್ನು ನಡೆಯುವವರಿಗೆ ಬಿಟ್ಟುಕೊಡುತ್ತಾರೆ. ಸೀಸರ್ಸ್ ಪ್ಯಾಲೇಸ್, ಎಂಜಿಎಂ ಗ್ರ್ಯಾಂಡ್‌ಗಳಿಗೆ ಸಭಾಂಗಣ ಹೋಟೆಲಿನ ಒಳಗೇ ಇದೆ. ಸಿಗರೇಟಿನ ಹೊಗೆ ಆಗದವರಿಗೆ ಸ್ಟ್ರಿಪ್, ಅಂದರೆ ಕ್ಯಾಸಿನೊ ಹೋಟೆಲುಗಳು ಸಾಲುಗಟ್ಟಿದ ಮುಖ್ಯ ರಸ್ತೆಯ ಮೇಲೆ ಪಾರ್ಕ್ ಎಂಜಿಎಂ ಹೇಳಿಮಾಡಿಸಿದ ಜಾಗ, ಅದರ ಕ್ಯಾಸಿನೊದಲ್ಲೂ ಸೇದುವಂತಿಲ್ಲ. ಜನವರಿ ಮೊದಲಲ್ಲಿ ಸಿಇಎಸ್ ತಂತ್ರಜ್ಞಾನ ಮೇಳ, ನವೆಂಬರ್‌ನಲ್ಲಿ ಫಾರ್ಮುಲಾ 1 ಓಟ. ಆ ದಿನಗಳಲ್ಲಿ ರೂಮಿನ ದರ ಹಲವು ಪಟ್ಟು. ಓಟದ ಹಾದಿ ಸ್ಫಿಯರ್ ಅನ್ನೇ ಬಳಸಿ ಹೋಗುವುದರಿಂದ ರಸ್ತೆಗಳೂ ಬಂದ್.

ಪ್ರಶ್ನೆ: ವಿಮಾನ ನಿಲ್ದಾಣದಿಂದ ಹೋಟೆಲಿಗೆ, ಶೋ ಮುಗಿದ ಮೇಲೆ ವಾಪಸ್ಸು. ಓಡಾಟ ಹೇಗೆ?

ಉತ್ತರ: ಹ್ಯಾರಿ ರೀಡ್ ವಿಮಾನ ನಿಲ್ದಾಣ ಸ್ಟ್ರಿಪ್‌ನ ಮಗ್ಗುಲಲ್ಲೇ ಇದೆ. ಟ್ಯಾಕ್ಸಿಗೆ ಅಲ್ಲಿಂದ ಸ್ಟ್ರಿಪ್ ಹೋಟೆಲುಗಳಿಗೆ ವಲಯವಾರು ನಿಗದಿ ದರವಿದೆ, ಹತ್ತುವಾಗಲೇ ಕೇಳಿ. ಮೀಟರ್ ಹಾಕಿ ಸುರಂಗದ ಮೂಲಕ ಹೆದ್ದಾರಿ ಸುತ್ತಿಸುವುದು ಅಲ್ಲಿನ ಹಳೆಯ ಕೈಚಳಕ, ಕಾನೂನು ಒಪ್ಪದ್ದು. ಆ್ಯಪ್ ಕಾರುಗಳು ಬಾಗಿಲಿಗೆ ಬರುವುದಿಲ್ಲ, ಪಾರ್ಕಿಂಗ್ ಕಟ್ಟಡದೊಳಗೆ ಹೋಗಬೇಕು. ಸ್ಟ್ರಿಪ್ ರಸ್ತೆಯಲ್ಲಿ ಕೈ ಅಡ್ಡ ಹಾಕಿದರೆ ಟ್ಯಾಕ್ಸಿ ನಿಲ್ಲದು, ಹೋಟೆಲಿನ ಮುಂದಿನ ಸಾಲಿಗೇ ಹೋಗಿ.

ಹೊಸಬರು ಮೋಸಹೋಗುವುದು ದೂರದ ವಿಷಯದಲ್ಲಿ. ಕಟ್ಟಡಗಳು ದೈತ್ಯ, ಹಾಗಾಗಿ ಮೂರನೆಯ ಹೋಟೆಲು ಇಲ್ಲೇ ಎದುರಿಗೆ ಇದೆ ಅನ್ನಿಸುತ್ತದೆ. ನಡೆದರೆ ಅರ್ಧ ಗಂಟೆ. ಸ್ಟ್ರಿಪ್ ಉದ್ದ 4 ಮೈಲಿಗಿಂತ ಹೆಚ್ಚು. ಪೂರ್ವದ ಮಗ್ಗುಲಲ್ಲಿ ಎಂಜಿಎಂ ಗ್ರ್ಯಾಂಡ್‌ನಿಂದ ಸಹಾರಾವರೆಗೆ 7 ನಿಲ್ದಾಣಗಳ ಮಾನೊರೈಲ್ ಇದೆ, ವಾರಾಂತ್ಯದಲ್ಲಿ ನಸುಕಿನ 3ರವರೆಗೂ ಓಡುತ್ತದೆ, ಸೋಮವಾರ ಮಾತ್ರ ನಡುರಾತ್ರಿಗೇ ನಿಲ್ಲುತ್ತದೆ. ವಿಮಾನ ನಿಲ್ದಾಣಕ್ಕೆ ಹೋಗುವುದಿಲ್ಲ. ಸ್ಫಿಯರ್‌ಗೆ ಹ್ಯಾರಾಸ್-ಲಿಂಕ್ ನಿಲ್ದಾಣದಲ್ಲಿ ಇಳಿಯಿರಿ. ಪಶ್ಚಿಮದ ಮಗ್ಗುಲಲ್ಲಿ ಮ್ಯಾಂಡಲೇ ಬೇ, ಲಕ್ಸರ್, ಎಕ್ಸ್‌ಕ್ಯಾಲಿಬರ್ ನಡುವೆ ಒಂದು, ಪಾರ್ಕ್ ಎಂಜಿಎಂ, ಆರಿಯಾ, ಬೆಲಾಜಿಯೊ ನಡುವೆ ಇನ್ನೊಂದು ಟ್ರಾಮ್ ಇದೆ, ಎರಡೂ ಬಿಟ್ಟಿ.

ಶೋ ಮುಗಿದ ಕೂಡಲೇ 20,000 ಜನ ಒಟ್ಟಿಗೆ ಫೋನ್ ತೆಗೆಯುತ್ತಾರೆ, ಆ್ಯಪ್ ಕಾರಿನ ದರ ಜಿಗಿಯುತ್ತದೆ. ಸಭಾಂಗಣದ ಬಾಗಿಲಲ್ಲಿ ನಿಂತು ಕಾರು ಕರೆಯಬೇಡಿ. ಒಂದೆರಡು ಹೋಟೆಲು ದಾಟಿ ನಡೆದು, ಒಳಗೆ ತಂಪಿನಲ್ಲಿ ಮುಕ್ಕಾಲು ಗಂಟೆ ಕೂತು, ಆಮೇಲೆ ಅಲ್ಲಿಂದ ಕರೆಯಿರಿ. ದಾರಿಯಲ್ಲಿ ರಸ್ತೆ ಮೇಲಿನ ಕಾಲುಸೇತುವೆಗಳಲ್ಲಿ ಫೋಟೊಗೆಂದು ನಿಲ್ಲಬೇಡಿ. 2024ರ ಜನವರಿಯಿಂದ ಅಲ್ಲಿ ನಿಲ್ಲುವುದೇ ಅಪರಾಧ.

ಪ್ರಶ್ನೆ: ಲಾಸ್ ಏಂಜಲೀಸ್‌ನಿಂದ ಕಾರಿನಲ್ಲಿ ಹೋದರೆ?

ಉತ್ತರ: ಐ-15 ಹೆದ್ದಾರಿಯಲ್ಲಿ ಸುಮಾರು 270 ಮೈಲಿ, ದಾರಿ ಖಾಲಿಯಿದ್ದರೆ ನಾಲ್ಕರಿಂದ ನಾಲ್ಕೂವರೆ ಗಂಟೆ. ಶುಕ್ರವಾರ ಸಂಜೆ ಹೋಗುವಾಗ, ಭಾನುವಾರ ಮಧ್ಯಾಹ್ನ ಬರುವಾಗ ಇದೇ ದಾರಿ ಏಳು ಗಂಟೆ ನುಂಗಬಹುದು, ಬರುವಾಗಲಂತೂ ರಾಜ್ಯದ ಗಡಿಯ ಪ್ರಿಮ್ ಬಳಿ ಕ್ಯಾಲಿಫೋರ್ನಿಯ ಕಡೆಗೆ ಲೇನುಗಳು ಕಿರಿದಾಗುತ್ತವೆ. ಶನಿವಾರ ರಾತ್ರಿ ಶೋ ಆದರೆ ಸೋಮವಾರ ಬೆಳಗ್ಗೆ ಹೊರಡಿ. ಬಾರ್‌ಸ್ಟೋ, ಬೇಕರ್ ಎರಡೂ ಕಡೆ ಪೆಟ್ರೋಲು ಸಿಗುತ್ತದೆ. ಬೇಕರ್ ಬಳಿಯ ಏರಿನಲ್ಲಿ ಬೇಸಿಗೆಯಲ್ಲಿ ಎಂಜಿನ್ ಕಾಯುವುದು ಸಾಮಾನ್ಯ, ಕೂಲಂಟ್ ನೋಡಿಕೊಂಡು ಹೊರಡಿ.

ಪ್ರಶ್ನೆ: ಶೋಗೆ ಮೊದಲು ಎರಡು ಗಂಟೆ ಬಿಡುವಿದೆ. 100 ಡಾಲರ್ ಹೋದರೂ ಪರವಾಗಿಲ್ಲ, ಒಂದು ಕೈ ನೋಡೋಣ ಅಂತ. ಯಾವ ಆಟ ವಾಸಿ?

ಉತ್ತರ: ಮೊದಲು ರೂಲೆಟ್, ಅಂದರೆ ತಿರುಗುವ ಚಕ್ರದಲ್ಲಿ ಚೆಂಡು ಯಾವ ಅಂಕಿಯ ಮನೆಗೆ ಬೀಳುತ್ತದೆ ಎಂದು ಹಣ ಕಟ್ಟುವ ಆಟ. ಚಕ್ರದಲ್ಲಿ ಹಸಿರು ಮನೆ ಎಷ್ಟಿವೆ ಎಣಿಸಿ. ಒಂದೇ ಸೊನ್ನೆಯಾದರೆ ಹಾಕಿದ ಹಣದಲ್ಲಿ ಕ್ಯಾಸಿನೊದ ಪಾಲು ಸರಾಸರಿ ಶೇ. 2.70. ಸೊನ್ನೆ, ಜೋಡಿಸೊನ್ನೆ ಎರಡೂ ಇದ್ದರೆ 5.26. ಮೂರನೆಯ ಹಸಿರು ಮನೆಯೂ ಇದ್ದರೆ 7.69, ಗೆದ್ದಾಗ ಕೊಡುವ ದುಡ್ಡು ಮಾತ್ರ ಅಷ್ಟೇ. ಸ್ಟ್ರಿಪ್‌ನಲ್ಲಿ ಕಡಿಮೆ ಮೊತ್ತದ ಮೇಜುಗಳಲ್ಲಿ ಈ ಮೂರನೆಯದೇ ಹೆಚ್ಚು. ಒಂದು ಸುತ್ತಿಗೆ 15 ಡಾಲರಿನಂತೆ ಗಂಟೆಗೆ 40 ಸುತ್ತು ಆಡಿದರೆ ಹಾಕಿದ್ದು 600. ಒಂಟಿ ಸೊನ್ನೆಯಲ್ಲಿ ಗಂಟೆಗೆ ಸರಾಸರಿ 16 ಡಾಲರ್ ಹೋಗುತ್ತದೆ, ಮೂರು ಹಸಿರಿನಲ್ಲಿ 46.

ಬ್ಲ್ಯಾಕ್‌ಜಾಕ್ ಮೇಜಿನ ಬಟ್ಟೆಯ ಮೇಲೆ ಬರೆದದ್ದನ್ನು ಕೂರುವ ಮುಂಚೆ ಓದಿ. ಬ್ಲ್ಯಾಕ್‌ಜಾಕ್, ಅಂದರೆ ಮೊದಲ ಎರಡೇ ಇಸ್ಪೀಟ್ ಎಲೆಗೆ 21, ಬಿದ್ದಾಗ ‘3ಕ್ಕೆ 2’ ಅಂದರೆ 10 ಡಾಲರಿಗೆ 15 ಬರುತ್ತದೆ, ‘6ಕ್ಕೆ 5’ ಅಂದರೆ ಬರೀ 12. ನೋಡಲು 6 ದೊಡ್ಡ ಅಂಕಿ, ಅದೇ ಗಾಳ. ಈ ಒಂದು ಬದಲಾವಣೆಯೇ ಕ್ಯಾಸಿನೊದ ಪಾಲಿಗೆ ಸುಮಾರು ಶೇ. 1.4 ಸೇರಿಸುತ್ತದೆ.

‘ಒಂದು ಸೆಂಟಿನ ಯಂತ್ರ’ ಎಂಬ ಸ್ಲಾಟ್ ಯಂತ್ರ ಅಗ್ಗವೆಂದು ನಂಬಿ ಕೆಡುವವರು ಎಲ್ಲರಿಗಿಂತ ಹೆಚ್ಚು. ಒಂದು ಸಲ ಗುಂಡಿ ಒತ್ತಲು ವಾಸ್ತವದಲ್ಲಿ 50-60 ಸೆಂಟು ಬೇಕು. ಗಂಟೆಗೆ 600 ಸಲ ಒತ್ತುವುದು ಕಷ್ಟವಲ್ಲ, 360 ಡಾಲರ್ ತಿರುಗಿತು. ಇಂಥ ಯಂತ್ರ ಹಿಡಿದಿಟ್ಟುಕೊಳ್ಳುವುದು ಶೇ. 10ರ ಆಸುಪಾಸು. ಗಂಟೆಗೆ 36. ಎರಡು ಗಂಟೆ ಬಿಡುವಿನಲ್ಲಿ ನಿಮ್ಮ 100 ಬಹುಪಾಲು ಖರ್ಚು, ಅದೂ ಸರಾಸರಿಯಲ್ಲಿ. ಅದೃಷ್ಟ ಕೆಟ್ಟರೆ ಇಪ್ಪತ್ತೇ ನಿಮಿಷ.

ರೀತಿರಿವಾಜು: ನೋಟನ್ನು ಡೀಲರ್ ಕೈಗೆ ಕೊಡಬೇಡಿ, ಮೇಜಿನ ಮೇಲೆ ಇಡಿ. ಮೇಜಿನ ಬಳಿ ಫೋನ್ ತೆಗೆಯಬೇಡಿ. ಆಡುವವರಿಗೆ ಪಾನೀಯ ಬಿಟ್ಟಿ, ತಂದವರಿಗೆ ಒಂದೆರಡು ಡಾಲರ್ ಟಿಪ್ಸ್ ಕೊಡುವುದು ವಾಡಿಕೆ. ಕ್ಯಾಸಿನೊ ಎಟಿಎಂಗಳ ಶುಲ್ಕ ವಿಪರೀತ. 100 ಡಾಲರನ್ನು ನಗದಾಗಿ ಹಿಡಿದು ಕಾರ್ಡನ್ನು ರೂಮಿನಲ್ಲಿ ಬಿಟ್ಟು ಬನ್ನಿ. ಯಂತ್ರ ಕೊಡುವ ಚೀಟಿಗೆ ಅವಧಿ ಇರುತ್ತದೆ, ಹೊರಡುವ ಮುಂಚೆ ನಗದು ಮಾಡಿಸಿ. ಅಮೆರಿಕದ ತೆರಿಗೆ ನಿವಾಸಿಗಳಲ್ಲದವರಿಗೆ ಸ್ಲಾಟ್ ಯಂತ್ರದಲ್ಲಿ ದೊಡ್ಡ ಜಾಕ್‌ಪಾಟ್ ಹೊಡೆದರೆ ಸಾಮಾನ್ಯವಾಗಿ ಶೇ. 30 ತೆರಿಗೆ ಅಲ್ಲೇ ಮುರಿದುಕೊಳ್ಳುತ್ತಾರೆ, ಬ್ಲ್ಯಾಕ್‌ಜಾಕ್ ಮತ್ತು ರೂಲೆಟ್ ಗೆಲುವಿಗೆ ಆ ಕಡಿತವಿಲ್ಲ. ಫೋನಿನಲ್ಲಿ ಅಲಾರಾಂ ಇಟ್ಟುಕೊಳ್ಳಿ: ಗೋಡೆಯಲ್ಲಿ ಗಡಿಯಾರ ಹುಡುಕಿದರೆ ಸಿಗದು, ಅದು ಮರೆತು ಬಿಟ್ಟದ್ದಲ್ಲ.

ಪ್ರಶ್ನೆ: ಮಗನಿಗೆ 16. ಅವನನ್ನು ಕ್ಯಾಸಿನೊ ಒಳಗಿನ ಸಭಾಂಗಣಕ್ಕೆ ಬಿಡುತ್ತಾರೆಯೇ?

ಉತ್ತರ: ಜೂಜಿಗೂ ಮದ್ಯಕ್ಕೂ ವಯಸ್ಸು 21. ಆದರೆ ಸಭಾಂಗಣಕ್ಕೆ ಹೋಗುವ ದಾರಿ ಕ್ಯಾಸಿನೊ ನಡುವಿನಿಂದಲೇ ಇರುವುದರಿಂದ ಮಕ್ಕಳು ದಾಟಿ ಹೋಗಬಹುದು, ಯಂತ್ರದ ಪಕ್ಕ ನಿಲ್ಲುವಂತಿಲ್ಲ. ಅಪ್ಪ ಆಡುವಾಗ ಮಗ ಹಿಂದೆ ನಿಂತು ನೋಡುವುದೂ ಕೂಡದು. ಶೋಗೆ ವಯಸ್ಸಿನ ಮಿತಿ ಒಂದೊಂದಕ್ಕೆ ಒಂದೊಂದು, ಟಿಕೆಟ್ ಪುಟದಲ್ಲಿ ನೋಡಿ. ವಾರಾಂತ್ಯದ ರಾತ್ರಿ 9ರ ಮೇಲೆ 18 ತುಂಬದವರು ಹಿರಿಯರಿಲ್ಲದೆ ಸ್ಟ್ರಿಪ್‌ನಲ್ಲಿ ತಿರುಗುವಂತಿಲ್ಲ. ನಿಮ್ಮ ವಯಸ್ಸಿಗೆ ಪುರಾವೆಯಾಗಿ ಮೂಲ ಪಾಸ್‌ಪೋರ್ಟನ್ನೇ ಒಯ್ಯಿರಿ, ಜೆರಾಕ್ಸ್ ಪ್ರತಿ ನಡೆಯದು.

ಪ್ರಶ್ನೆ: ಬ್ಯಾಗು, ಕಿವಿಗೆ ಹತ್ತಿ, ನೀರು. ಏನೇನು ಬೇಕು?

ಉತ್ತರ: ಅಲೀಜಿಯಂಟ್ ಸ್ಟೇಡಿಯಂನಲ್ಲಿ ಪಾರದರ್ಶಕ ಬ್ಯಾಗು ಮಾತ್ರ, 12, 6, 12 ಅಂಗುಲ ಮೀರುವಂತಿಲ್ಲ, ಅಂಗೈಯಗಲದ ಸಣ್ಣ ಪರ್ಸು ನಡೆಯುತ್ತದೆ. ಬೇರೆ ಕಡೆ ಅಳತೆ ಬೇರೆ. ಬ್ಯಾಗೇ ಇಲ್ಲದೆ ಹೋದರೆ ಸಾಲೂ ಚಿಕ್ಕದು. ಲೆನ್ಸ್ ಬಿಚ್ಚುವ ಕ್ಯಾಮೆರಾ ರೂಮಿನಲ್ಲಿರಲಿ.

ಕಿವಿಗೆ ಹತ್ತಿ ಉಪಯೋಗವಿಲ್ಲ. ಕಾರ್ಮಿಕರ ಆರೋಗ್ಯಕ್ಕಾಗಿ ಅಮೆರಿಕದ ನಿಯೋಶ್ ಸಂಸ್ಥೆ ಶಿಫಾರಸು ಮಾಡಿದ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ, ಪ್ರತಿ 3 ಡೆಸಿಬೆಲ್ ಏರಿದಂತೆ ಹೊತ್ತು ಅರ್ಧ. 100 ಡೆಸಿಬೆಲ್‌ಗೆ ಉಳಿಯುವುದು ಕಾಲು ಗಂಟೆ, ರಾಕ್ ಶೋ ಅದಕ್ಕಿಂತ ಕಡಿಮೆ ಇರುವುದು ಅಪರೂಪ. 15 ಡೆಸಿಬೆಲ್ ತಗ್ಗಿಸುವ ಪ್ಲಗ್ ಹಾಕಿದರೆ ಮತ್ತೆ 85ಕ್ಕೆ ಬಂದಿರಿ. ಫೋಮ್ ಪ್ಲಗ್ಗನ್ನು ಬೆರಳಲ್ಲಿ ಕಡ್ಡಿಯಷ್ಟು ತೆಳ್ಳಗೆ ಹೊಸೆದು, ಇನ್ನೊಂದು ಕೈಯಲ್ಲಿ ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ಒಳಗಿಟ್ಟು, ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿಹಿಡಿಯಿರಿ. ಅರ್ಧ ಹೊರಗೆ ಉಳಿದರೆ ಅದು ಬರೀ ಅಲಂಕಾರ. ಫೋಮ್ ತಾರದ ಸದ್ದನ್ನೇ ಹೆಚ್ಚು ನುಂಗುವುದರಿಂದ ಹಾಡಿನ ಮಾತು ಮಸುಕಾಗುತ್ತದೆ. ಸಂಗೀತಗಾರರು ಬಳಸುವ ಫಿಲ್ಟರ್ ಪ್ಲಗ್ ಎಲ್ಲ ಸ್ವರವನ್ನೂ ಸಮನಾಗಿ ತಗ್ಗಿಸುತ್ತದೆ.

ಇದು ಮರುಭೂಮಿ. 2024ರ ಜುಲೈ 7ರಂದು ಇಲ್ಲಿ 120 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 48.9 ಸೆಲ್ಸಿಯಸ್ ದಾಖಲಾಗಿತ್ತು. ಬೆವರು ಕಾಣುವ ಮುಂಚೆಯೇ ಆರಿಹೋಗುವುದರಿಂದ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ. ಒಳಗೆ ಮಾತ್ರ ಎಸಿ ಕೊರೆತ, ತೆಳು ಜಾಕೆಟ್ ಇರಲಿ.

ಪ್ರಶ್ನೆ: ನಾವು ಪೂರ್ವ ಕರಾವಳಿಯವರು. ಅಟ್ಲಾಂಟಿಕ್ ಸಿಟಿ ಸಾಕಾಗುವುದಿಲ್ಲವೇ?

ಉತ್ತರ: ಬ್ಯಾಂಡ್ ಬರುತ್ತಿದ್ದರೆ ಧಾರಾಳ ಸಾಕು. ಕಡಲ ದಂಡೆಯ ಬೋರ್ಡ್‌ವಾಕ್ ಎಂಬ ಹಲಗೆ ಹಾಸಿದ ಕಾಲುದಾರಿಯ ಮೇಲೆ ಸಭಾಂಗಣ, ಕ್ಯಾಸಿನೊ ಸಾಲಾಗಿವೆ. 1929ರಲ್ಲಿ ತೆರೆದ ಬೋರ್ಡ್‌ವಾಕ್ ಹಾಲ್‌ನಲ್ಲಿ 33,000ಕ್ಕೂ ಮಿಕ್ಕಿ ಕೊಳವೆಗಳ ಪೈಪ್ ಆರ್ಗನ್ ವಾದ್ಯ ಇದೆ, ಜಗತ್ತಿನಲ್ಲೇ ದೊಡ್ಡದು. ಫಿಲಡೆಲ್ಫಿಯದ 30ನೇ ಬೀದಿ ನಿಲ್ದಾಣದಿಂದ ರೈಲು ಸುಮಾರು ಒಂದೂವರೆ ಗಂಟೆ. ರಾತ್ರಿಯ ಕೊನೆಯ ರೈಲಿನ ಹೊತ್ತು ಮೊದಲೇ ನೋಡಿ, ಶೋ ಮುಗಿದ ಮೇಲೆ ಬ್ಯಾಂಡ್ ಮತ್ತೆ ಬಂದು ನುಡಿಸುವ ಎರಡನೆಯ ಎನ್‌ಕೋರ್‌ಗೆ ಅದು ಕಾಯುವುದಿಲ್ಲ.

ಪ್ರಶ್ನೆ: ವೇಗಸ್‌ನಲ್ಲಿ ಎಲ್ವಿಸ್, ಬೀಟಲ್ಸ್ ಹಾಡಿದ ಜಾಗಗಳು ಈಗಲೂ ಇವೆಯೇ?

ಉತ್ತರ: ಒಂದು ಇದೆ, ಒಂದು ಇಲ್ಲ. ಎಲ್ವಿಸ್ 1969ರ ಜುಲೈ 31ರಂದು ಶುರುಮಾಡಿ 1976ರವರೆಗೆ 636 ಶೋ ಕೊಟ್ಟ ಇಂಟರ್‌ನ್ಯಾಷನಲ್ ಹೋಟೆಲು, ಆಮೇಲೆ ಹಿಲ್ಟನ್ ಆಗಿ ಈಗ ವೆಸ್ಟ್‌ಗೇಟ್. ಬೀಟಲ್ಸ್ 1964ರ ಆಗಸ್ಟ್ 20ರಂದು ಎರಡು ಶೋ ಕೊಟ್ಟದ್ದು ಕನ್ವೆನ್ಷನ್ ಸೆಂಟರಿನ ಗುಮ್ಮಟದಲ್ಲಿ. ಆ ಗುಮ್ಮಟ 1990ರಲ್ಲಿ ನೆಲಸಮ. ಅವರು ಉಳಿದುಕೊಂಡಿದ್ದ ಸಹಾರಾ ಹೋಟೆಲು ಇದೆ, ರೂಪ ಬದಲಾಗಿದೆ. ಕನ್ವೆನ್ಷನ್ ಸೆಂಟರ್, ವೆಸ್ಟ್‌ಗೇಟ್, ಸಹಾರಾ ಮೂರೂ ಮಾನೊರೈಲಿನ ಉತ್ತರದ ತುದಿಯ ಕೊನೆಯ ಮೂರು ನಿಲ್ದಾಣಗಳು. ಬಿಡಿ ಟಿಕೆಟ್ ಬೇಡ, ದಿನದ ಪಾಸು ತೆಗೆದುಕೊಳ್ಳಿ; ನಿಲ್ದಾಣದಲ್ಲಿ ಕೊಳ್ಳುವುದಕ್ಕಿಂತ ಆನ್‌ಲೈನ್‌ನಲ್ಲಿ ಅಗ್ಗ.